ಮಸ್ಕಿ ದಾರಿಯಲ್ಲಿ ಹೊಟ್ಟೆಗೆ ಹಿತವಾದ ಊಟ

ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದ ಮೇಲೆಯೇ ನಮ್ಮ ಬೆಳೆಗಾರ ಬಾಂಧವರಿಗೆ ಊರು ಬಿಟ್ಟು ಹೊರಡಲು ಪುರಸೊತ್ತು. ಹೋಳಿ ಹುಣ್ಣಿಮೆಯ ನಂತರ ನಡೆಯುವ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಬಳ್ಳಾರಿ, ಸಿರುಗುಪ್ಪದ ಮೇಲೆ ಹೋಗುವವರಿಗೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳು ದಾರಿಯಲ್ಲೇ ಸಿಗುತ್ತವೆ. ಆ ಸೀಮೆಯಲ್ಲಿ ಎಲ್ಲವೂ ಖಾರವೆಂದು ಹೆದರಿ, ಇಡೀ ದಿನ ಚಹಾ ಬಿಸ್ಕತ್ತಿನಲ್ಲೇ ಕಳೆಯುವವರಿದ್ದಾರೆ. ಆಮ್ಲಪಿತ್ತದವರಿಗೆ ಈ ಉಪವಾಸವೂ ಖಾರದಷ್ಟೇ ಕೆಡುಕು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಊಟ ಬಿಟ್ಟವರಿಗಂತೂ ರಕ್ತದ ಸಕ್ಕರೆ ಇಳಿದು ಬಸ್ಸಿನಲ್ಲೇ ಕಣ್ಣು ಕತ್ತಲಿಡುವುದುಂಟು.

ಹೆದರಬೇಕಾದ್ದಿಲ್ಲ. ಕೇಳುವ ರೀತಿ ತಿಳಿದಿದ್ದರೆ ಸಾಕು.

ಮೊದಲು ಬೋರ್ಡು ನೋಡಿರಿ. ಖಾನಾವಳಿ ಎಂದ ಮಾತ್ರಕ್ಕೆ ಸಸ್ಯಾಹಾರವಲ್ಲ. ಸಾವಜಿ ಖಾನಾವಳಿ ಮಾಂಸದೂಟಕ್ಕೆ ಹೆಸರಾದದ್ದು. ಲಿಂಗಾಯತ ಖಾನಾವಳಿ ಎಂದಿದ್ದರೆ ಅಲ್ಲಿ ಮಾಂಸ, ಮೊಟ್ಟೆಗಳ ಸುಳಿವಿಲ್ಲ. ಮಧ್ಯಾಹ್ನ ಬೇಗನೆ ಹೋದರೆ ರೊಟ್ಟಿ ಹಂಚಿನಿಂದಲೇ ತಟ್ಟೆಗೆ ಬರುತ್ತದೆ. ಬಿಸಿ ಜೋಳದ ರೊಟ್ಟಿ ಮೆತ್ತಗಿರುತ್ತದೆ. ಒಂದನ್ನು ಮೊಸರಿನಲ್ಲಿ ಅದ್ದಿ ಚೆನ್ನಾಗಿ ಅಗಿದು ತಿಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಒಣಗಿಸಿದ ಖಡಕ್ ರೊಟ್ಟಿ ನಮ್ಮ ಅನ್ನದ ಹೊಟ್ಟೆಗೆ ಭಾರ. ಎಣ್ಣೆಗಾಯಿ, ಕೆಂಪು ಚಟ್ನಿ, ಹಸಿ ಈರುಳ್ಳಿಗಳು ರುಚಿಯಾದರೂ ಬದಿಗಿಡಿರಿ.

ಅನ್ನದ ಬಗ್ಗೆಯಂತೂ ಚಿಂತೆಯೇ ಬೇಡ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಸೀಮೆಯೆಲ್ಲ ಭತ್ತದ ನಾಡಾಗಿದೆ, ಸೋನಾ ಮಸೂರಿ ಅಲ್ಲಿಯ ಮನೆಯ ಬೆಳೆ. ಆದರೆ ಅಲ್ಲಿ ರೊಟ್ಟಿ ಮೊದಲು, ಅನ್ನ ಕೊನೆಗೆ ಒಂದು ತುತ್ತು ಎಂಬ ಪದ್ಧತಿ. ಕೂತ ಕೂಡಲೇ "ಮೊದಲ ಅನ್ನ ಮಜ್ಜಿಗಿ ಕೊಡ್ರಿ, ಹೊಟ್ಟಿ ಸರಿ ಇಲ್ಲ" ಎಂದುಬಿಡಿ; ಬೇಸರಪಡುವವರು ಕಡಿಮೆ. ನಾವು ಬೇಳೆ ಎನ್ನುವುದು ಅವರಲ್ಲಿ ಬ್ಯಾಳಿ. ಖಾರವಿಲ್ಲದೆ ಬೇಯಿಸಿದ್ದು ಸಪ್ಪನ ಬ್ಯಾಳಿ. ಕೇಳಿದರೆ, ಒಗ್ಗರಣೆಗೆ ಮುಂಚೆಯೇ ಒಂದು ಬಟ್ಟಲು ತೆಗೆದು ಕೊಡುವುದುಂಟು. ನೆಂಟರ ಮನೆಯಾದರೆ ಜೋಳದ ನುಚ್ಚು ಮಜ್ಜಿಗೆ ಕೇಳಲು ಸಂಕೋಚಬೇಡ. ನಮ್ಮ ಗಂಜಿಯ ಅಣ್ಣನೆಂದೇ ತಿಳಿಯಿರಿ. ಬಿಸಿಲಿಗೆ ಮೊಸರು ಬೇಗ ಹುಳಿಯುತ್ತದೆ, ಮೂಸಿ ನೋಡಿ ಬಡಿಸಿಕೊಳ್ಳುವುದು ಲೇಸು.

ಮಸ್ಕಿಯಲ್ಲಿ ಇಳಿದವರು ಅಶೋಕನ ಶಾಸನ ನೋಡದೆ ಬರುವುದಿಲ್ಲ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳುವ ಶಾಸನವಾದ್ದರಿಂದ ನೋಡಲೇಬೇಕಾದದ್ದು. ಆದರೆ ಊಟ ಮುಂದೂಡಿ ಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆಯ ಬಳಿ ಅಲೆದು, ಹಸಿವು ತಾಳದೆ ಸಂಜೆ ಮಿರ್ಚಿ ಭಜಿಗೆ ಕೈ ಹಾಕಿದರೆ ರಾತ್ರಿ ನಿದ್ದೆಯಿಲ್ಲ. ಬೆಳಿಗ್ಗೆಯೇ ನೋಡಿ ಬನ್ನಿರಿ. ಸಂಜೆಗೆ ಎಣ್ಣೆ ಖಾರ ಹಾಕದ ಚುರುಮುರಿ, ಬಾಳೆಹಣ್ಣು ಸಾಕು. ಖಾಲಿ ಹೊಟ್ಟೆಗೆ ಕಾಫಿಯೂ ಬೇಡ, ಎಲೆಅಡಿಕೆಯೂ ಬೇಡ. (ಬೆಳೆಯುವ ನಾವೇ ಹೀಗೆ ಹೇಳಬೇಕಾಗಿದೆ!)

ಎಷ್ಟೋ ಸಲ ಹೊಟ್ಟೆ ಕೆಡಿಸುವುದು ಅನ್ನವಲ್ಲ, ನೀರು. ಕುದಿಸಿ ಆರಿಸಿದ ನೀರನ್ನು ಮನೆಯಿಂದಲೇ ಒಯ್ಯಿರಿ. ಮುಗಿದರೆ ಸೀಲು ಒಡೆಯದ ಬಾಟಲಿ ಕೊಳ್ಳಿರಿ. ನೀರು ಬೆರೆಸಿದ ಮಜ್ಜಿಗೆಗೂ ಇದೇ ಎಚ್ಚರ. ಭೇದಿ ಶುರುವಾದರೆ ಓ.ಆರ್.ಎಸ್. ಪೊಟ್ಟಣ ಕರಗಿಸಿ ಕುಡಿಯಬೇಕು. ಅದಿಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಯಿರಿ. ಉಪ್ಪು ಹೆಚ್ಚಾಗಬಾರದು. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ವಯಸ್ಸಾದವರಿಗೆ ಮೂತ್ರ ಕಡಿಮೆಯಾದರೆ ಮುಂದಿನ ಊರಿಗೆಂದು ಕಾಯದೆ ಅಲ್ಲಿಯೇ ಇಳಿದು ವೈದ್ಯರನ್ನು ಕಾಣಿರಿ. ಸಿಂಧನೂರು, ಲಿಂಗಸುಗೂರುಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ.