ಮಾತ್ರೆಯ ಮಾತು ಯಾರೊಡನೆ?

ಮನೋವೈದ್ಯರ ಕೋಣೆಯಲ್ಲಿ ‘ಮಾತ್ರೆ ಸರಿಯಾಗಿ ತಗೋತಿದ್ದಾರಾ?’ ಎಂಬ ಪ್ರಶ್ನೆ ಸಾಮಾನ್ಯವಾಗಿ ಹೋಗುವುದು ಜೊತೆಗೆ ಬಂದ ಅಮ್ಮನಿಗೆ, ಇಲ್ಲವೇ ಅಣ್ಣನಿಗೆ. ಮಾತ್ರೆ ನುಂಗುವವರು ಅಲ್ಲೇ ಕುಳಿತಿರುತ್ತಾರೆ. ಈ ರೂಢಿ ಒಂದು ದಿನದಲ್ಲಿ ಬೆಳೆದದ್ದಲ್ಲ.

1912ರಲ್ಲಿ ಮನೋರೋಗಿಗಳ ಕುರಿತ ಲೂನಸಿ ಕಾಯ್ದೆ ಬಂದಾಗ, ಮನೋರೋಗಕ್ಕೆ ವರ್ಷಗಟ್ಟಲೆ ನುಂಗುವಂಥ ಪರಿಣಾಮಕಾರಿ ಔಷಧಿಯೇ ಇರಲಿಲ್ಲ. ಯಾರನ್ನು ಒಳಗಿಡಬೇಕು, ಯಾರನ್ನು ಬಿಡಬೇಕು ಎಂಬುದಷ್ಟೇ ಆಗಿನ ಚಿಂತೆ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಝೀನ್ ಎಂಬ ಔಷಧಿಯನ್ನು ಮನೋರೋಗಕ್ಕೆ ಬಳಸಿ ನೋಡಿದ ಮೇಲೆ ರೋಗಿ ಮನೆಯಲ್ಲೇ ಇದ್ದು ಗುಣವಾಗುವ ದಾರಿ ತೆರೆಯಿತು. ಅದೇ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಉಳಿಸಿಕೊಂಡರು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಮಾನಸಿಕ ಚಿಕಿತ್ಸೆಯನ್ನು ಒಯ್ದಿತು. ಸಂಕೋಲೆಯಿಂದ, ಬೀದಿಪಾಲಾಗುವುದರಿಂದ ಎಷ್ಟೋ ಜನರನ್ನು ಉಳಿಸಿದ ಕೆಲಸಗಳಿವು. ಆದರೆ ಮಾತ್ರೆ ಕೊಡುವ ಹೊಣೆ ಮನೆಯವರ ಪಾಲಿಗೆ ಬಂದಾಗ ಅದರ ವಿವರಣೆಯೂ ಅವರ ಹತ್ತಿರವೇ ನಿಂತುಬಿಟ್ಟಿತು. ಕಾಫಿಯಲ್ಲಿ, ಸಾರಿನಲ್ಲಿ ಗುಟ್ಟಾಗಿ ಮಾತ್ರೆ ಕಲಸುವ ಮನೆಗಳು ಇಂದಿಗೂ ಇವೆ. ಆ ತಾಯಂದಿರ ದಣಿವು ಅರ್ಥವಾಗುತ್ತದೆ. ಆದರೆ ಆ ಗುಟ್ಟು ಬಯಲಾದ ದಿನ ಮಗ ಮನೆಯ ಅನ್ನವನ್ನೂ ನಂಬದೆ ಹೋಗಬಹುದು.

1987ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೆಚ್ಚಾಗಿ ದಾಖಲಾತಿ, ಬಿಡುಗಡೆ, ಆಸ್ತಿಯ ಸುತ್ತಲೇ ತಿರುಗಿತು. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯನ್ನು 2007ರಲ್ಲಿ ಭಾರತ ಅಂಗೀಕರಿಸಿದ ಮೇಲೆ ಹೊಸ ಕಾನೂನು ಅನಿವಾರ್ಯವಾಯಿತು. ಹಾಗೆ ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಜಾರಿಯಾದದ್ದು 2018ರಲ್ಲಿ. ಅದರ 4ನೇ ಸೆಕ್ಷನ್ ನನಗೆ ಇಡೀ ಕಾಯ್ದೆಯ ಜೀವಾಳವೆನಿಸುತ್ತದೆ. ರೋಗಿಗೆ ತಿಳಿಯುವ ಸರಳ ಭಾಷೆಯಲ್ಲಿ, ಬೇಕಿದ್ದರೆ ಚಿತ್ರ ತೋರಿಸಿ ಇಲ್ಲವೇ ಸನ್ನೆ ಭಾಷೆಯಲ್ಲಿ ಚಿಕಿತ್ಸೆಯನ್ನು ವಿವರಿಸಬೇಕು ಎನ್ನುತ್ತದೆ ಅದು. ಅವರ ತೀರ್ಮಾನ ಉಳಿದವರಿಗೆ ತಪ್ಪಾಗಿ ಕಂಡ ಮಾತ್ರಕ್ಕೆ ಅವರಿಗೆ ನಿರ್ಧರಿಸುವ ಶಕ್ತಿಯಿಲ್ಲ ಎನ್ನುವಂತಿಲ್ಲ. 5ನೇ ಸೆಕ್ಷನ್ನಿನ ‘ಮುಂಗಡ ನಿರ್ದೇಶನ’ದಲ್ಲಿ, ಮುಂದೆ ಕಾಯಿಲೆ ಜೋರಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಚೆನ್ನಾಗಿರುವಾಗಲೇ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸದು. ವೈದ್ಯರಿಗೋ ಮನೆಯವರಿಗೋ ಒಪ್ಪಿಗೆಯಿಲ್ಲದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬಹುದು.

ರೋಗಿಗೇ ಆಯ್ಕೆ ಬಿಟ್ಟರೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ ಎಂದು ಹೆದರುವವರಿದ್ದಾರೆ. ಆದರೆ ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರನ್ನೇ ನೋಡಿ. ಆಗಾಗ ರಕ್ತ ಪರೀಕ್ಷೆ ಏಕೆ, ಮೂತ್ರಪಿಂಡ ಮತ್ತು ಥೈರಾಯ್ಡ್ ಮೇಲೆ ಕಣ್ಣಿಡುವುದೇಕೆ, ವಾಂತಿ ಭೇದಿಯಾದಾಗ ವೈದ್ಯರಿಗೆ ಕೂಡಲೇ ಏಕೆ ಹೇಳಬೇಕು, ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯವೇನು ಎಂಬುದು ಅವರಿಗೇ ಗೊತ್ತಿರಬೇಕು. ಔಷಧಿಯಿಂದ ಕೈ ನಡುಗಿದರೆ ಮೊದಲು ತಿಳಿಯುವುದು ಅವರಿಗೆ. ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂಬ ಅಳುಕಿದ್ದವರು ಹೇಳದೆಯೇ ಮಾತ್ರೆ ನಿಲ್ಲಿಸುತ್ತಾರೆ.