ಪುಸ್ತಕದ ಕೊನೆಯ ನಾಲ್ಕು ಪುಟ: ಕನ್ನಡದಲ್ಲಿ ಪದಸೂಚಿ ಮಾಡೋದು ಹೇಗೆ?

ಕನ್ನಡದಲ್ಲಿ ಕೆರೆಗಳ ಬಗ್ಗೆ ಒಂದು ಪುಸ್ತಕ ಇದೆ ಅಂದುಕೊಳ್ಳಿ. ಸಿವಿಲ್ ಬ್ರಾಂಚಿನ ವಿದ್ಯಾರ್ಥಿಗೆ ಅದರಲ್ಲಿ ಬೇಕಿರೋದು ವಿಯರ್ ವಿಷಯ. ಪುಸ್ತಕದಲ್ಲಿ ಅದು ಧಾರಾಳವಾಗಿ ಇದೆ, ಆದರೆ ಲೇಖಕರು ಅದನ್ನು ‘ಕೋಡಿ’ ಅಂತ ಬರೆದಿದ್ದಾರೆ. ಪರಿವಿಡಿಯಲ್ಲಿ ಅಧ್ಯಾಯಗಳ ಹೆಸರು ಮಾತ್ರ ಇದೆ, ಕೊನೆಯಲ್ಲಿ ಪದಸೂಚಿ ಇಲ್ಲ. ಹತ್ತು ನಿಮಿಷ ಪುಟ ತಿರುವಿ ನೋಡಿ, ಪುಸ್ತಕ ವಾಪಸ್ ಇಟ್ಟು, ಇಂಗ್ಲಿಷ್ ಪುಸ್ತಕ ತೆಗೀತಾನೆ. ವಿಷಯ ಕನ್ನಡದಲ್ಲಿ ಇದ್ದೂ ಇಲ್ಲದ ಹಾಗೆ ಆಯಿತು.

ನಾವೆಲ್ಲ ಇಂಗ್ಲಿಷಿನಲ್ಲಿ ಪಾಠ ಕೇಳಿ ಕನ್ನಡದಲ್ಲಿ ಬರೆಯೋಕೆ ಹೊರಟವರು. ನಮ್ಮಂಥವರಿಗೆ ಪದಸೂಚಿ ಒಂದು ಅಲಂಕಾರ ಅಲ್ಲ, ಸೇತುವೆ. ಅಲ್ಲಿ ‘ವಿಯರ್: ನೋಡಿ ಕೋಡಿ’ ಎನ್ನುವ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಸಂಘದ ಲೇಖನ ಸಂಗ್ರಹವನ್ನೋ ಪ್ರಾಜೆಕ್ಟ್ ಕೈಪಿಡಿಯನ್ನೋ ಪುಸ್ತಕ ಮಾಡುವವರಿಗಾಗಿ, ಆ ಸಾಲುಗಳನ್ನು ಹಾಕೋದು ಹೇಗೆ ಅಂತ ಇಲ್ಲಿ ವಿವರಿಸುತ್ತೇವೆ. ಪುಟವಿನ್ಯಾಸಕ್ಕೆ ಅಡೋಬಿ ಇನ್‌ಡಿಸೈನ್ ಬಳಸುತ್ತೀರಿ ಅಂತ ಇಟ್ಟುಕೊಳ್ಳೋಣ.

ಸರ್ಚ್ ಇರುವಾಗ ಇದೆಲ್ಲ ಯಾಕೆ?

ಪಿಡಿಎಫ್‌ನಲ್ಲಿ ಹುಡುಕಿದರೆ ಆಯ್ತಲ್ವಾ ಅಂತ ಕೇಳಬಹುದು. ಕೆರೆಯ ‘ಏರಿ’ಯನ್ನು ಹುಡುಕಿ ನೋಡಿ. ಏರಿಕೆ, ಏರಿದರು, ಬೆಲೆ ಏರಿತು ಎಲ್ಲವೂ ಬರುತ್ತವೆ. ‘ವಿಯರ್’ ಅಂತ ಹುಡುಕಿದರೆ ಕೋಡಿ ಬರೋದೇ ಇಲ್ಲ. ಸರ್ಚ್ ಅಕ್ಷರಗಳನ್ನು ಹುಡುಕುತ್ತದೆ. ಪದಸೂಚಿ ಮಾಡುವವರು ಪುಸ್ತಕ ಓದಿ, ಯಾವ ಪುಟದಲ್ಲಿ ನಿಜವಾಗಿ ಆ ವಿಷಯದ ಚರ್ಚೆ ಇದೆ ಅಂತ ತೀರ್ಮಾನ ಮಾಡಿರುತ್ತಾರೆ. ತಂತ್ರಾಂಶ ಮಾಡೋದು ಎರಡೇ ಕೆಲಸ: ಪುಟಸಂಖ್ಯೆ ನೆನಪಿಡೋದು, ಪಟ್ಟಿ ಜೋಡಿಸೋದು. ಉಳಿದದ್ದು ನಮ್ಮ ತಲೆಯ ಕೆಲಸ.

ಮೊದಲು ಯೂನಿಕೋಡ್

ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಬರಹ ಇದ್ದರೆ ಪದಸೂಚಿಗೆ ಕೈ ಹಾಕಬೇಡಿ. ಪರದೆ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ನುಡಿಯ ಹಳೆಯ ವಿನ್ಯಾಸದಲ್ಲಿ ‘ಆ’ ಅಂದರೆ ದೊಡ್ಡ ಡಿ, ‘ಜ’ ಅಂದರೆ ಸಣ್ಣ ಡಿ. ಇಂಗ್ಲಿಷ್ ನಿಯಮದ ವಿಂಗಡಣೆಗೆ ದೊಡ್ಡ ಡಿ, ಸಣ್ಣ ಡಿ ಒಂದೇ. ಹಾಗಾಗಿ ಆಣೆಕಟ್ಟು, ಜಲಾಶಯ ಎರಡೂ ಒಂದೇ ಗುಂಪಿಗೆ ಹೋಗಿ ಕೂರುತ್ತವೆ! ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ. ಅರ್ಕಾವತ್ತು, ಒತ್ತಕ್ಷರ ಸರಿಯಾಗಿವೆಯಾ ಅಂತ ಒಮ್ಮೆ ಓದಿ, ಆಮೇಲೆ ಮುಂದಿನ ಕೆಲಸ.

ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ಭಾಗಕ್ಕೆ ಹೋಗಿ ‘ವರ್ಲ್ಡ್-ರೆಡಿ’ ಕಂಪೋಸರ್ ಆರಿಸಬೇಕು. ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲಬಹುದು.

ಗುರುತು ಹಾಕೋದು

ವಿಂಡೋ ಮೆನುವಿನಲ್ಲಿ ಟೈಪ್ ಆ್ಯಂಡ್ ಟೇಬಲ್ಸ್, ಅದರೊಳಗೆ ಇಂಡೆಕ್ಸ್. ಪ್ಯಾನೆಲ್‌ನಲ್ಲಿ ರೆಫರೆನ್ಸ್, ಟಾಪಿಕ್ ಅಂತ ಎರಡು ವಿಧಾನ ಇವೆ. ಟಾಪಿಕ್‌ನಲ್ಲಿ ಮೊದಲೇ ಪದಗಳ ಪಟ್ಟಿ ಹಾಕಿಕೊಳ್ಳಬಹುದು. ಪುಟಸಂಖ್ಯೆ ಸೇರೋದು ರೆಫರೆನ್ಸ್‌ನಲ್ಲಿ. ಪಠ್ಯದಲ್ಲಿ ಪದ ಆರಿಸಿ ಕಂಟ್ರೋಲ್ ಮತ್ತು 7 ಒತ್ತಿದರೆ ಹೊಸ ನಮೂದಿನ ಪೆಟ್ಟಿಗೆ ತೆರೆಯುತ್ತದೆ. ನಾಲ್ಕು ಹಂತದವರೆಗೆ ಉಪಪದ ಕೊಡಬಹುದು, ಆದರೆ ಎರಡು ಹಂತಕ್ಕಿಂತ ಆಳಕ್ಕೆ ಹೋದರೆ ಓದುವವರಿಗೇ ಕಷ್ಟ.

ಇಲ್ಲಿ ಕನ್ನಡಕ್ಕೇ ವಿಶೇಷವಾದ ಮೂರು ತೊಡಕುಗಳಿವೆ.

ಒಂದು, ವಿಭಕ್ತಿ. ಪಠ್ಯದಲ್ಲಿ ಕೋಡಿಯ, ಕೋಡಿಗೆ, ಕೋಡಿಯಿಂದ ಅಂತ ಇರುತ್ತದೆ. ಆರಿಸಿದ್ದು ಹಾಗೇ ಪೆಟ್ಟಿಗೆಗೆ ಬರುವುದರಿಂದ ಪ್ರತಿ ಸಲ ಪ್ರತ್ಯಯ ತೆಗೆದು ‘ಕೋಡಿ’ ಅಂತಲೇ ಇಡಬೇಕು. ಇಲ್ಲದಿದ್ದರೆ ಒಂದೇ ಪದ ನಾಲ್ಕು ಕಡೆ ಬರುತ್ತದೆ. ಕೆಳಗಿನ ಪಟ್ಟಿಯಲ್ಲಿ ಆ ಪದ ಆಗಲೇ ಇದ್ದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡೋದು ಕ್ಷೇಮ.

ಎರಡು, ಕಾಣದ ಅಕ್ಷರ. ‘ವಿಯರ್‌ಗೆ’ ಎನ್ನುವಲ್ಲಿ ‘ರ್’ ಮತ್ತು ‘ಗೆ’ ಒತ್ತಕ್ಷರವಾಗಿ ಸೇರದ ಹಾಗೆ ತಡೆಯಲು, ನಡುವೆ ಅಗಲವೇ ಇಲ್ಲದ ಒಂದು ಅಕ್ಷರ ಕೂತಿರುತ್ತದೆ. ‘ಗೆ’ ಅಳಿಸಿದರೂ ಅದು ಉಳಿದುಕೊಳ್ಳಬಹುದು. ಆಗ ನೋಡಲು ಒಂದೇ ಥರ ಇರುವ ಎರಡು ‘ವಿಯರ್’ ಪಟ್ಟಿಯಲ್ಲಿ ಬರುತ್ತವೆ. ಹೀಗೆ ಕಂಡರೆ ಪದವನ್ನು ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡಿ.

ಮೂರು, ‘ಆ್ಯಡ್ ಆಲ್’ ಬಟನ್. ಇದು ಪದ ಬಂದ ಕಡೆಯೆಲ್ಲ ಗುರುತು ಹಾಕುತ್ತದೆ, ಆದರೆ ಇಡೀ ಪದ ಹೊಂದಿದರೆ ಮಾತ್ರ. ಅಂದರೆ ‘ಕೋಡಿಯ’ ಬಿಟ್ಟುಹೋಗುತ್ತದೆ, ‘ಮೆಟ್ಟಿಲು ಏರಿ ಬಂದ’ ಎನ್ನುವ ಏರಿ ಒಳಗೆ ಬರುತ್ತದೆ. ಇಂಗ್ಲಿಷಿಗೆ ಎಷ್ಟೋ ಅನುಕೂಲವಾದ ಈ ಬಟನ್ ಕನ್ನಡಕ್ಕೆ ಅಷ್ಟಾಗಿ ಒದಗಲ್ಲ.

ಒಂದು ಚರ್ಚೆ ಹಲವು ಪುಟ ಹಬ್ಬಿದ್ದರೆ ‘ಟೈಪ್’ ಆಯ್ಕೆಯಲ್ಲಿ ಮುಂದಿನ ಇಷ್ಟು ಪ್ಯಾರಾಗಳವರೆಗೆ, ಅಥವಾ ಸ್ಟೈಲ್ ಬದಲಾಗುವವರೆಗೆ ಅಂತ ಕೊಡಬಹುದು. ‘ನೋಡಿ’ ಸಾಲುಗಳೂ ಇಲ್ಲಿಂದಲೇ ಬರುತ್ತವೆ. ಸ್ಲೂಸ್: ನೋಡಿ ತೂಬು. ಸೂಳೆಕೆರೆ: ನೋಡಿ ಶಾಂತಿಸಾಗರ. ದಾವಣಗೆರೆ ಜಿಲ್ಲೆಯ ಆ ಕೆರೆಯನ್ನು ಓದುಗರು ಯಾವ ಹೆಸರಿನಿಂದ ಹುಡುಕುತ್ತಾರೋ ಗೊತ್ತಿಲ್ಲ, ಎರಡು ಬಾಗಿಲೂ ತೆರೆದಿರಲಿ. ಪ್ರಮಾಣಿತ ‘ಸೀ’, ‘ಸೀ ಆಲ್ಸೋ’ ಬದಲು ಕನ್ನಡದ ‘ನೋಡಿ’, ‘ಇದನ್ನೂ ನೋಡಿ’ ಬರಬೇಕಾದರೆ ಕಸ್ಟಮ್ ಅಡ್ಡಸೂಚನೆ ಆರಿಸಿ ಆ ಪದ ಕೊಡಿ.

ಒಂದು ಪದದ ಮುಂದೆ ಆರೇಳು ಪುಟಸಂಖ್ಯೆ ಸಾಲಾಗಿ ನಿಂತರೆ ಒಡೆಯುವ ಕಾಲ ಬಂತು ಅಂತ ಅರ್ಥ. ‘ಹೂಳು 12, 31, 47, 58, 90, 104, 133’ ಅಂತ ಇದ್ದರೆ ಯಾರೂ ಏಳೂ ಪುಟ ತೆರೆದು ನೋಡಲ್ಲ. ಹೂಳು, ಅದರ ಕೆಳಗೆ ‘ಅಳತೆ’, ‘ಕಾರಣ’, ‘ತೆಗೆಯುವ ವಿಧಾನ’ ಅಂತ ಹಂಚಿಬಿಡಿ.

ಅಕಾರಾದಿ ಅಷ್ಟು ಸುಲಭ ಅಲ್ಲ

ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಯದು, ‘ಹ’ ಆದಮೇಲೆ. ಯೂನಿಕೋಡ್ ಸಂಖ್ಯೆಯಲ್ಲಿ ಹಾಗಿಲ್ಲ. ದಶಮಾಂಶದಲ್ಲಿ ಲ 3250, ಳ 3251, ವ 3253, ಹ 3257. ಬರೀ ಸಂಖ್ಯೆ ನೋಡಿ ಜೋಡಿಸುವ ಪ್ರೋಗ್ರಾಮ್ ‘ಹಳ್ಳ’ವನ್ನು ‘ಹವಾಮಾನ’ಕ್ಕಿಂತ ಮೊದಲು ಇಡುತ್ತದೆ. ನಿಘಂಟು ನೋಡಿ ಅಭ್ಯಾಸ ಇರುವವರಿಗೆ ಇದು ತಪ್ಪು. ಅನುಸ್ವಾರದ್ದು ಇನ್ನೊಂದು ಕತೆ. ಕಾಗುಣಿತದ ಪ್ರಕಾರ ‘ಕಂ’ ಬರೋದು ‘ಕೌ’ ಆದಮೇಲೆ. ಯೂನಿಕೋಡ್ ಸಂಖ್ಯೆಯ ಪ್ರಕಾರ ‘ಕಂದಕ’ ಬರೋದು ‘ಕಟ್ಟೆ’ಗಿಂತ ಮೊದಲು. ಯಾವುದಾದರೂ ಒಂದು ಕ್ರಮ ಆರಿಸಿ, ಕೊನೆವರೆಗೆ ಅದನ್ನೇ ಪಾಲಿಸಿ.

ಇದಕ್ಕೆ ಎಂಜಿನಿಯರ್‌ಗಳ ಉಪಾಯ ಒಂದಿದೆ. ಪದಗಳನ್ನೆಲ್ಲ ಒಂದು ಫೈಲಿಗೆ ಹಾಕಿ. ಪೈಥಾನ್‌ನಲ್ಲಿ ವರ್ಣಮಾಲೆಯನ್ನು ನಿಮಗೆ ಬೇಕಾದ ಕ್ರಮದಲ್ಲಿ ಒಂದು ಸ್ಟ್ರಿಂಗ್ ಮಾಡಿ, ಸ್ವರಚಿಹ್ನೆಗಳನ್ನೂ ಸೇರಿಸಿ. ಪ್ರತಿ ಅಕ್ಷರದ ಸ್ಥಾನವನ್ನೇ ವಿಂಗಡಣೆಯ ಕೀ ಮಾಡಿದರೆ ಹತ್ತು ಸಾಲಿನಲ್ಲಿ ಪಟ್ಟಿ ಸರಿಯಾಗುತ್ತದೆ. ನಂತರ ಪ್ರತಿ ಪದಕ್ಕೂ 0010, 0020, 0030 ಅಂತ ಹತ್ತು ಹತ್ತು ಬಿಟ್ಟು ಸಂಖ್ಯೆ ಕೊಟ್ಟು, ಇನ್‌ಡಿಸೈನ್‌ನ ‘ಸಾರ್ಟ್ ಬೈ’ ಜಾಗದಲ್ಲಿ ತುಂಬಿ. ಮಧ್ಯೆ ಹೊಸ ಪದ ಬಂದರೆ 0015 ಕೊಟ್ಟರಾಯಿತು. ಹೀಗೆ ಮಾಡಿದಾಗ ಇನ್‌ಡಿಸೈನ್‌ನ ವಿಭಾಗ ಶೀರ್ಷಿಕೆಗಳು ಉಪಯೋಗಕ್ಕೆ ಬರಲ್ಲ. ಆ ಆಯ್ಕೆ ತೆಗೆದು, ಅ, ಆ, ಕ ತಲೆಬರಹಗಳನ್ನು ಕಟ್ಟಕಡೆಗೆ ಕೈಯಿಂದ ಹಾಕಿ. ಲೇಟೆಕ್ ಬಳಸುವವರಿಗೂ ಇದೇ ದಾರಿ: ಇಂಡೆಕ್ಸ್ ಕಮಾಂಡಿನಲ್ಲಿ ಅಟ್ ಚಿಹ್ನೆಯ ಎಡಕ್ಕೆ ಸಂಖ್ಯೆ, ಬಲಕ್ಕೆ ಅಚ್ಚಾಗುವ ಪದ.

ಪುಟಕ್ಕೆ ಇಳಿಸೋದು

ಪುಟಗಳು ಅಂತಿಮವಾದ ಮೇಲೆ ‘ಜನರೇಟ್ ಇಂಡೆಕ್ಸ್’ ಕೊಡಿ. ಅಧ್ಯಾಯಗಳು ಬೇರೆ ಬೇರೆ ಫೈಲಿನಲ್ಲಿದ್ದರೆ ಎಲ್ಲವನ್ನೂ ಒಂದು ಬುಕ್ ಫೈಲಿಗೆ ಸೇರಿಸಿ, ಬುಕ್ ಡಾಕ್ಯುಮೆಂಟ್ಸ್ ಸೇರಿಸುವ ಆಯ್ಕೆಗೆ ಟಿಕ್ ಹಾಕಿ. ಇಂಡೆಕ್ಸ್ ಲೆವೆಲ್ 1, ಲೆವೆಲ್ 2 ಎನ್ನುವ ಸ್ಟೈಲ್‌ಗಳು ತಾವೇ ಹುಟ್ಟಿಕೊಳ್ಳುತ್ತವೆ. ಅವುಗಳಲ್ಲೂ ಕನ್ನಡ ಫಾಂಟ್, ವರ್ಲ್ಡ್-ರೆಡಿ ಕಂಪೋಸರ್ ಹೊಂದಿಸಿ.

ಸಾಮಾನ್ಯವಾಗಿ ಎರಡು ಕಾಲಂ ಸಾಕು. ಅಕ್ಷರ 9 ಪಾಯಿಂಟ್‌ಗೆ ಇಳಿಸಬಹುದು, ಆದರೆ ಸಾಲಿನ ಅಂತರ 12ಕ್ಕಿಂತ ಕಡಿಮೆ ಬೇಡ, ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು. ಸಾಲು ಮುರಿದು ಕೆಳಗೆ ಬಂದರೆ ಅದು ಒಳಗೆ ಸರಿದಿರಲಿ: ಎಡ ಇಂಡೆಂಟ್ ಕೊಟ್ಟು, ಮೊದಲ ಸಾಲಿಗೆ ಅಷ್ಟೇ ಮೈನಸ್ ಕೊಡಿ. ಎಡಕ್ಕೆ ಹೊಂದಿಸಿ, ಎರಡೂ ಬದಿ ಎಳೆದು ಕೂರಿಸಬೇಡಿ.

ಒಂದು ನಿಯಮ ಮರೆಯಬೇಡಿ: ಹೊರಬಂದ ಪಟ್ಟಿಯಲ್ಲಿ ನೇರವಾಗಿ ತಿದ್ದಿದ್ದೆಲ್ಲ ಮುಂದಿನ ಜನರೇಟ್‌ನಲ್ಲಿ ಹೋಗಿಬಿಡುತ್ತದೆ. ತಿದ್ದುಪಡಿ ಯಾವಾಗಲೂ ಪ್ಯಾನೆಲ್‌ನಲ್ಲೇ ಮಾಡಿ. ತಲೆಬರಹ ಕಟ್ಟಕಡೆಗೆ ಅಂದಿದ್ದು ಅದಕ್ಕೇ.

ಅಚ್ಚಿಗೆ ಕೊಡುವ ಮುನ್ನ

- ಪದಸೂಚಿಯ ಹತ್ತು ಪದ ಆರಿಸಿ, ಆ ಪುಟಗಳಿಗೆ ಹೋಗಿ ನೋಡಿ. ವಿಷಯ ಅಲ್ಲಿದೆಯಾ?
- ಪುಸ್ತಕದ ಹತ್ತು ಪುಟ ತೆರೆದು, ಅಲ್ಲಿನ ಮುಖ್ಯ ವಿಷಯ ಪದಸೂಚಿಯಲ್ಲಿದೆಯಾ ನೋಡಿ.
- ಪ್ರತಿ ‘ನೋಡಿ’ ಸಾಲು ತೋರಿಸುವ ಪದ ನಿಜವಾಗಿ ಇದೆಯಾ?
- ಪುಸ್ತಕ ಓದದ ಒಬ್ಬ ಗೆಳೆಯನಿಗೋ ಗೆಳತಿಗೋ ಐದು ಇಂಗ್ಲಿಷ್ ಪಾರಿಭಾಷಿಕ ಪದ ಕೊಟ್ಟು ಹುಡುಕೋಕೆ ಹೇಳಿ. ಸಿಗದ ಪದಕ್ಕೆ ಒಂದೊಂದು ‘ನೋಡಿ’ ಸಾಲು ಸೇರಿಸಿ.

ಈ ಕೊನೆಯ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ. ಸ್ಲೂಸ್ ಹುಡುಕಿ ಬಂದವರು ತೂಬನ್ನು ಕಲಿತು ಹೋಗುತ್ತಾರೆ. ಆ ಪದ ಮುಂದೆ ಅವರ ಬಾಯಲ್ಲಿ, ಬರಹದಲ್ಲಿ ಬರುತ್ತದೆ. ಪಾರಿಭಾಷಿಕ ಪದಗಳು ಬಳಕೆಗೆ ಬರೋದು ಹೀಗೇ ಅಲ್ವಾ?