ಸಸ್ಯಾಹಾರಿಗೂ ಹೃದಯರೋಗವೇ?

"ನಾವು ಮಾಂಸ ತಿನ್ನುವವರಲ್ಲ, ಮೊಟ್ಟೆ ಮುಟ್ಟುವವರಲ್ಲ, ನಮಗೇಕೆ ಹೃದಯರೋಗ?" ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ನಮ್ಮ ವ್ಯಾಪಾರಿ ಕುಟುಂಬಗಳಲ್ಲಿ ಹೀಗೆ ಕೇಳುವವರುಂಟು. ಸಸ್ಯಾಹಾರ ಶ್ರೇಷ್ಠವೇ ಸರಿ. ಆದರೆ ಅದೊಂದೇ ರಕ್ಷಾಕವಚವಲ್ಲ. 2007ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಂತೆ, ಮೊದಲ ಹೃದಯಾಘಾತದ ಮಧ್ಯಮ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಇತರರಲ್ಲಿ ಸುಮಾರು 59.

ಕೊಲೆಸ್ಟರಾಲ್ ಆಹಾರದಿಂದಷ್ಟೇ ಬರುವುದಿಲ್ಲ. ನಮ್ಮ ಯಕೃತ್ತೇ ಅದನ್ನು ತಯಾರಿಸುತ್ತದೆ. ಎಲ್‌ಡಿಎಲ್ ಎಂಬ ಸೂಕ್ಷ್ಮ ಕಣಗಳು ಅದನ್ನು ಹೊತ್ತು ರಕ್ತದಲ್ಲಿ ಸಂಚರಿಸುತ್ತವೆ. ಈ ಕಣಗಳು ಹೆಚ್ಚಾದಾಗ ರಕ್ತನಾಳದ ಗೋಡೆಯೊಳಗೆ ಸಿಕ್ಕಿಕೊಂಡು ಆಕ್ಸಿಡೀಕರಣ ಹೊಂದುತ್ತವೆ. ತೆರೆದಿಟ್ಟ ಡಬ್ಬಿಯಲ್ಲಿ ಶೇಂಗಾ ಎಣ್ಣೆ ಕಮಟು ಹಿಡಿಯುವುದೂ ಇಂಥದೇ ಕ್ರಿಯೆ.

ಕೆಟ್ಟ ಕಣವನ್ನು ನುಂಗಲು ಬರುವುದು ರೋಗನಿರೋಧಕ ಪಡೆಯ 'ಮ್ಯಾಕ್ರೋಫೇಜ್' ಎಂಬ ಜೀವಕೋಶ. ಅದು ಸಹಜ ಎಲ್‌ಡಿಎಲ್ ಅನ್ನು ಅಷ್ಟಾಗಿ ನುಂಗುವುದಿಲ್ಲ, ರೂಪ ಬದಲಾದದ್ದನ್ನು ಮಾತ್ರ ಮಿತಿಯಿಲ್ಲದೆ ನುಂಗುತ್ತದೆ ಎಂದು 1979ರಲ್ಲಿ ತೋರಿಸಿದವರು ಗೋಲ್ಡ್‌ಸ್ಟೀನ್ ಮತ್ತು ಬ್ರೌನ್. ಕೊಲೆಸ್ಟರಾಲ್ ಕುರಿತ ಸಂಶೋಧನೆಗೆ ಇವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಮುಂದಿನ ಸಂಗತಿ ಇನ್ನೂ ಸೋಜಿಗದ್ದು. ಪ್ರತಿ ಜೀವಕೋಶದಲ್ಲೂ ವಂಶವಾಹಿಗಳು, ಅಂದರೆ ಜೀನ್‌ಗಳು, ಅಂಗಡಿಯ ಲೆಕ್ಕದ ವಹಿಗಳಂತಿವೆ. ಎಲ್ಲವೂ ಕಪಾಟಿನಲ್ಲಿರುತ್ತವೆ, ಬೇಕಾದದ್ದನ್ನಷ್ಟೇ ತೆರೆಯಲಾಗುತ್ತದೆ. ಯಾವುದನ್ನು ತೆರೆಯಬೇಕೆಂಬುದನ್ನು ನುಂಗಿದ ಕೊಬ್ಬೇ ಬದಲಿಸಬಲ್ಲದು! ಅದರ ಕೆಲವು ಅಂಶಗಳು 'ಸಿಡಿ36' ಎಂಬ ಬಾಗಿಲಿನ ಜೀನನ್ನು ಚುರುಕುಗೊಳಿಸುತ್ತವೆಂದು 1998ರಲ್ಲಿ ತಿಳಿಯಿತು. ನುಂಗಿದಷ್ಟೂ ಬಾಗಿಲು ಹೆಚ್ಚು, ಬಾಗಿಲು ಹೆಚ್ಚಿದಷ್ಟೂ ಒಳಬರುವ ಮಾಲು ಹೆಚ್ಚು. ಕೊಲೆಸ್ಟರಾಲನ್ನು ಹೊರಸಾಗಿಸುವ 'ಎಬಿಸಿಎ1' ಜೀನ್ ಕೂಡ ಎಚ್ಚರಗೊಳ್ಳುವುದುಂಟು. ಆದರೆ ಆವಕವು ಜಾವಕವನ್ನು ಮೀರಿದರೆ ಕೋಶ ಕೊಬ್ಬು ತುಂಬಿ ನೊರೆಯಂತೆ ಉಬ್ಬುತ್ತದೆ. ಇಂಥ ಕೋಶಗಳು ಶೇಖರವಾಗಿ ನಾಳ ಕಿರಿದಾಗುತ್ತದೆ. ಆ ಗಡ್ಡೆ ಒಡೆದು ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ.

ಹಾಗಾದರೆ ತುಪ್ಪ? 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಲೇಖನವೊಂದು, ಭಾರತೀಯ ತುಪ್ಪದ ಸ್ಟೆರಾಲ್‌ಗಳಲ್ಲಿ ಶೇ. 12.3ರಷ್ಟು ಆಕ್ಸಿಡೀಕೃತ ಕೊಲೆಸ್ಟರಾಲ್ ಇದೆ, ತಾಜಾ ಬೆಣ್ಣೆಯಲ್ಲಿ ಅದಿಲ್ಲ ಎಂದಿತು. ತುಪ್ಪವೇ ರೋಗಕಾರಣವೆಂದು ಇದರಿಂದ ಸಿದ್ಧವಾಗದು, ಮಿತಿಯಂತೂ ಬೇಕು. ಶೇಂಗಾ ಎಣ್ಣೆಯಲ್ಲಿ ಕೊಲೆಸ್ಟರಾಲ್ ಇಲ್ಲ, ನಿಜ. ಆದರೆ ಮತ್ತೆ ಮತ್ತೆ ಕಾಯಿಸಿದರೆ ಅದೂ ಕೆಡುತ್ತದೆ. ಪೋಲಾರ್ ಅಂಶ ಶೇ. 25 ಮೀರಿದ ಕರಿದ ಎಣ್ಣೆಯನ್ನು ಬಳಸಕೂಡದೆಂದು 2018ರಿಂದ ಸರ್ಕಾರಿ ನಿಯಮವಿದೆ.

ಔಷಧಿ ಅಂಗಡಿಯ ವಿಟಮಿನ್ 'ಇ' ಗುಳಿಗೆ ಆಕ್ಸಿಡೀಕರಣ ತಡೆದು ಹೃದಯ ಕಾಯುವುದೆಂಬ ಆಸೆ 2000ದ ದೊಡ್ಡ ಪ್ರಯೋಗದಲ್ಲಿ ಸುಳ್ಳಾಯಿತು. ಎಲ್‌ಡಿಎಲ್ ಇಳಿಸುವುದೇ ಖಚಿತ ಮಾರ್ಗ. ತಂಬಾಕು, ಗುಟ್ಕಾ ಬಿಡಬೇಕು. ದಿನವಿಡೀ ಗಾದಿಯ ಮೇಲೆ ಕುಳಿತವರು ನಡೆಯಬೇಕು. ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಕೊಟ್ಟ ಸ್ಟ್ಯಾಟಿನ್ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಮಧುಮೇಹಿಗಳು ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಬೇಕು. ಎದೆ ಹಿಂಡಿದಂತಾದರೆ ಗ್ಯಾಸೆಂದು ಕೂಡದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಬಾಹ್ಯ ತಪಸ್ಸುಗಳಲ್ಲಿ ಹೊಟ್ಟೆ ತುಂಬ ಉಣ್ಣದ ಅವಮೌದರ್ಯವಿದೆ. ತುಪ್ಪ, ಎಣ್ಣೆ, ಸಿಹಿ ಬಿಡುವ ರಸಪರಿತ್ಯಾಗವಿದೆ. ಅವುಗಳ ಗುರಿ ಆತ್ಮಶುದ್ಧಿ. ಆದರೂ ಪರ್ಯೂಷಣದ ದಿನಗಳಿಗಷ್ಟೇ ಮೀಸಲಿಡದೆ ಮಿತವಾಗಿ ವರ್ಷವಿಡೀ ಪಾಲಿಸಿದರೆ ದೇಹಕ್ಕೂ ಹಿತ. ಜೈ ಜಿನೇಂದ್ರ.